ತನಗೆ ತಾನೇ ಸಂಬಳ ಕೊಟ್ಟುಕೊಂಡ ಲೋಹಿತಾ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ಪ್ರಭುದೇವ್ ಕಂಡಕ್ಟರು. ಬಸ್ಸು ಓಡಿದ ದಿನ ಅವನಿಗೆ ದುಡ್ಡು, ನಿಂತ ದಿನ ಇಲ್ಲ. ಮದುವೆಗಳ ಕಾಲದಲ್ಲಿ ಮುಖ ಅರಳಿಸಿಕೊಂಡು ಮನೆಗೆ ಬರುತ್ತಿದ್ದ, ಉಳಿದ ದಿನಗಳಲ್ಲಿ ಅಷ್ಟಕ್ಕಷ್ಟೆ. ಹಾಗಾಗಿ ಮನೆ ನಡೆಯುತ್ತಿದ್ದದ್ದು ಅವನ ಹೆಂಡತಿ ಲೋಹಿತಾಳ ಸಂಬಳದ ಮೇಲೆ. ಬಾಡಿಗೆ, ಮಗಳು ಚೈತ್ರಳ ಸ್ಕೂಲ್ ಫೀಸು, ಸ್ಕೂಟರಿನ ಕಂತು, ಬೀದಿಯವರೆಲ್ಲ ಸೇರಿ ನಡೆಸುತ್ತಿದ್ದ ಚೀಟಿ, ಎಲ್ಲವೂ ತಿಂಗಳ ಏಳನೇ ತಾರೀಕಿಗಾಗಿ ಕಾದು ಕೂತಿರುತ್ತಿದ್ದವು.

ಲೋಹಿತಾ ಮಧುಗಿರಿಯ ಊರಾಚೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದಳು. ಸೇರಿದಾಗ ಕಾಲರ್ ಹೊಲಿಯುತ್ತಿದ್ದವಳ ಕಣ್ಣಳತೆ ನೋಡಿ ಸ್ಯಾಂಪಲ್ ವಿಭಾಗಕ್ಕೆ ಹಾಕಿದ್ದರು. ಅಲ್ಲಿ ಹೊಸ ಬಟ್ಟೆಯ ಒಂದೊಂದು ಭಾಗವನ್ನೂ ಮೊದಲು ಕಾಗದದಲ್ಲಿ ಬರೆದು ಕತ್ತರಿಸಬೇಕು. ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆದರೆ ಯಾರು ಬೇಕಾದರೂ ಹೊಲಿಯಬಹುದು. ಟೈಲರುಗಳು ಅದನ್ನು ಪೇಪರ್ ಕಟಿಂಗ್ ಅನ್ನುತ್ತಾರೆ.

ಒಂದು ದಿನ ಪ್ರಭುದೇವ್‌ನ ಬಸ್ಸಿಗೆ ಅನುಷಾ ಅಂತ ಒಬ್ಬ ಹುಡುಗಿ ಹತ್ತಿದಳು. ಪಾವಗಡದಲ್ಲಿ ಹೊಸದಾಗಿ ಟೈಲರಿಂಗ್ ಅಂಗಡಿ ಇಟ್ಟವಳು. ಮಧುಗಿರಿಯ ಗಿರಾಕಿಯೊಬ್ಬರು ರವಿಕೆ ಭುಜದಿಂದ ಜಾರುತ್ತೆ ಅಂತ ವಾಪಸ್ ಕೊಟ್ಟಿದ್ದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಸಪ್ಪಗೆ ಕೂತಿದ್ದಳು. ಟಿಕೆಟ್ ಹರಿಯುತ್ತಾ ಪ್ರಭುದೇವ್ ವಿಷಯ ಕೇಳಿ ತಿಳಿದುಕೊಂಡ. ನಮ್ಮ ಮನೆಯವಳಿಗೆ ತೋರಿಸ್ತೀನಿ ಕೊಡಮ್ಮ ಅಂತ ಆ ರವಿಕೆಯನ್ನೇ ಇಸಿದುಕೊಂಡು ಬಂದ. ಲೋಹಿತಾ ಹೆಗಲಿನ ಇಳಿಜಾರು ನೋಡಿದಳು, ಬೆನ್ನಿನ ಕಡೆ ಕತ್ತಿನ ಅಗಲ ಹೆಚ್ಚಾಗಿರುವುದನ್ನು ನೋಡಿದಳು. ಒಂದು ಕಾಕಿ ಹಾಳೆಯಲ್ಲಿ ಸರಿಯಾದ ಕಟಿಂಗ್ ಮಾಡಿ ಮರುದಿನದ ಟ್ರಿಪ್ಪಿಗೆ ಕಳಿಸಿದಳು. ಮುಂದಿನ ವಾರ ಅನುಷಾಳ ಪರಿಚಯದ ಇನ್ನಿಬ್ಬರು ಟೈಲರುಗಳು ಅಂಥದ್ದೇ ಹಾಳೆ ಕೇಳಿದರು, ದುಡ್ಡನ್ನೂ ಕೊಟ್ಟರು.

ಅಮ್ಮ ಕತ್ತರಿಸುವುದನ್ನು ಫೋನಿನಲ್ಲಿ ವಿಡಿಯೊ ತೆಗೆದು, ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಮಾಡಿ ಹಾಕಿದವಳು ಚೈತ್ರ. ಲೋಹಿತಾಳಿಗೆ ನಾಚಿಕೆ, ಮುಖ ಬರಬಾರದು ಅಂತ ಷರತ್ತು ಹಾಕಿದಳು. ಹಾಗಾಗಿ ವಿಡಿಯೊದಲ್ಲಿ ಇದ್ದದ್ದು ಎರಡು ಕೈ, ಒಂದು ಕತ್ತರಿ, ಟೇಪು, ಮತ್ತೆ ಅವಳ ದನಿ ಅಷ್ಟೆ. ಜನಕ್ಕೆ ಅದೇ ಹಿಡಿಸಿತು. ದಾವಣಗೆರೆಯಿಂದ, ಹುಬ್ಬಳ್ಳಿಯಿಂದ, ಒಮ್ಮೆ ಸೊಲ್ಲಾಪುರದಿಂದ ಅಳತೆ ಬರೆದು ಕಳಿಸತೊಡಗಿದರು. ಭಾನುವಾರಗಳಲ್ಲಿ, ಸಂಜೆ ಅಡುಗೆ ಮುಗಿಸಿದ ಮೇಲೆ, ಲೋಹಿತಾ ನಡುಮನೆಯಲ್ಲಿ ಹಾಳೆ ಹರಡಿಕೊಂಡು ಕೂರುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಬಂದ ಆರ್ಡರುಗಳಲ್ಲಿ ಅರ್ಧಕ್ಕೆ, ಆಗಲ್ಲ ಅಂತ ಹೇಳಬೇಕಾದ ಕಾಲ ಬಂತು.

ಕೆಲಸ ಬಿಡುವ ಮಾತನ್ನು ಅವಳು ಮನೆಯಲ್ಲಿ ಎತ್ತಿದಾಗ ಅತ್ತೆ ಇಂದ್ರಮ್ಮ ತಟ್ಟೆಯಲ್ಲಿ ಅವರೆಕಾಳು ಹಿಸುಕುತ್ತಾ ಕೂತಿದ್ದರು. ಕೈ ನಿಲ್ಲಿಸಲಿಲ್ಲ. ಕಾರ್ಖಾನೆಯ ಕೆಲಸವೆಂದರೆ ಅವರಿಗೆ ಸರ್ಕಾರಿ ಕೆಲಸಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ಮನೆ ಮುಂದೆ ವ್ಯಾನು ಬರುತ್ತೆ, ಬೀದಿಯವರು ನೋಡುತ್ತಾರೆ. ಫೋನಿನಲ್ಲಿ ಬರುವ ದುಡ್ಡು ಅವರ ಲೆಕ್ಕದಲ್ಲಿ ದುಡ್ಡೇ ಅಲ್ಲ. ಪ್ರಭುದೇವ್‌ನ ತಂಗಿಯ ಗಂಡ ನಾಗಭೂಷಣ್ ಮಾತ್ರ ಬಹಳ ಉತ್ಸಾಹ ತೋರಿಸಿದ. ಅವನು ಶಿರಾದಲ್ಲಿ ಬೈಕ್ ಶೋರೂಮಿನಲ್ಲಿ ಸಾಲದ ಕಾಗದ ಪತ್ರ ನೋಡಿಕೊಳ್ಳುವವನು. ನಾಳೆಯೇ ಕೆಲಸ ಬಿಡಿ ಅತ್ತಿಗೆ, ಲೋನ್ ನಾನು ಮಾಡಿಸಿಕೊಡ್ತೀನಿ, ಮೇನ್ ರೋಡಲ್ಲಿ ಗಾಜಿನ ಬಾಗಿಲಿನ ಅಂಗಡಿ ಹಾಕಿ, ಏಸಿ ಇರಲಿ ಅಂದ. ಕಾಗದ ಕತ್ತರಿಸೋಕೆ ಏಸಿ ಯಾಕೆ ಅಂತ ಲೋಹಿತಾ ಕೇಳಿದಳು.

ಅವಳು ಒಂದು ವಾರ ಲೆಕ್ಕ ಹಾಕಿದಳು. ವ್ಯಾನಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವಾಗ, ಬರುವಾಗ ಅದೇ ಯೋಚನೆ. ಯುಗಾದಿ ಕಳೆದ ಮೇಲಿನ ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಹೇಳಿದಳು.

"ನಾಳೆಯಿಂದ ನಾನು ಕೆಲ್ಸ ಬುಟ್ಟಿದೀನಿ ಅಂದ್ಕೊಳ್ಳಿ. ಬುಟ್ಟಿರಲ್ಲ. ಆದ್ರೆ ಬುಟ್ಟಂಗೇ ಆರ್ ತಿಂಗ್ಳು ಬದುಕಿ ನೋಡಾಣ."

ಯಾರಿಗೂ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಕಾರ್ಖಾನೆಗೆ ಹೋಗುವುದು ಹೋಗುವುದೇ, ಆದರೆ ಆ ಸಂಬಳ ಬೇರೆ ಖಾತೆಗೆ ಹೋಗುತ್ತೆ, ಒಂದು ರೂಪಾಯಿಯನ್ನೂ ಮುಟ್ಟುವ ಹಾಗಿಲ್ಲ. ಮನೆ ನಡೆಯಬೇಕಾದ್ದು ಪ್ರಭುದೇವ್ ತರುವುದರಲ್ಲಿ ಮತ್ತು ಪೇಪರ್ ಕಟಿಂಗ್‌ನಲ್ಲಿ ಬರುವುದರಲ್ಲಿ. ನಡೆದರೆ ಕೆಲಸ ಬಿಡುವುದು. ನಡೆಯದಿದ್ದರೆ ಸಂಬಳ ಅಲ್ಲೇ ಇದೆ, ಕೆಲಸವೂ ಇದೆ, ಕಳೆದುಕೊಂಡದ್ದು ಏನೂ ಇಲ್ಲ. ಆ ಖಾತೆಯ ಎಟಿಎಂ ಕಾರ್ಡನ್ನು ಅವಳು ಇಂದ್ರಮ್ಮನ ಕೈಗೇ ಕೊಟ್ಟಳು. ಅವರು ಅದನ್ನು ಒಂದು ಕರ್ಚೀಫಿನಲ್ಲಿ ಸುತ್ತಿ ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಕಾವಲಿನ ಕೆಲಸ ಸಿಕ್ಕ ಮೇಲೆ ಅವರ ವಿರೋಧ ಸ್ವಲ್ಪ ಮೆತ್ತಗಾಯಿತು.

ಮೊದಲೆರಡು ತಿಂಗಳು ಮದುವೆಗಳ ಕಾಲ. ಟೈಲರುಗಳಿಗೆ ಕೈ ತುಂಬ ಕೆಲಸ, ಬಸ್ಸಿಗೂ ಜನ. ದುಡ್ಡು ಬಂತು. ಇಷ್ಟೇನಾ ಅಂತ ಪ್ರಭುದೇವ್ ಬೀಗಿದ. ಆ ದುಡ್ಡಿನಲ್ಲೇ ಲೋಹಿತಾ ಸ್ಕೂಟರಿನ ಉಳಿದ ಕಂತುಗಳನ್ನು ಒಟ್ಟಿಗೆ ಕಟ್ಟಿ ಮುಗಿಸಿದಳು. ಆಷಾಢ ಬಂದದ್ದೇ ತಡ, ಫೋನು ಸತ್ತ ಹಾಗಾಯಿತು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ರವಿಕೆ ಹೊಲಿಸುವವರೂ ಇಲ್ಲ. ಬಸ್ಸಿನಲ್ಲಿ ಸೀಟು ಖಾಲಿ. ಮನೆಯಲ್ಲಿ ಹುರುಳಿ ಸಾರು, ಮರುದಿನ ಹುರುಳಿ ಬಸ್ಸಾರು, ಅದರ ಮರುದಿನ ಹುರುಳಿ ಉಸ್ಲಿ. ಬೇಕರಿಯ ಖಾರಾ ಬೂಂದಿ ನಿಂತಿತು. ಇಂದ್ರಮ್ಮ ಕಾಫಿಪುಡಿಯ ಡಬ್ಬಿಯ ತಳ ಕೆರೆದು, ದಿನಕ್ಕೆ ಒಂದೇ ಲೋಟಕ್ಕೆ ಇಳಿದರು. ಮಿಡಿಗೇಶಿಯಲ್ಲಿ ಬಸ್ಸು ನಿಂತಾಗ ತಾನು ದಿನಾ ವಡೆ ತಿನ್ನುತ್ತಿದ್ದೇನೆ ಅಂತ ಪ್ರಭುದೇವ್ ಒಂದು ಸಂಜೆ ತಾನಾಗಿಯೇ ಒಪ್ಪಿಕೊಂಡ. ಚೈತ್ರ ಅವನ ಜೊತೆ ಅರ್ಧ ದಿನ ಮಾತು ಬಿಟ್ಟಳು.

ಆ ತಿಂಗಳು ಚೈತ್ರಳ ಸ್ಕೂಲ್ ಶೂ ಕಿತ್ತುಹೋಯಿತು. ಇಂದ್ರಮ್ಮ ಟ್ರಂಕಿನ ಬೀಗದ ಕೈ ಹಿಡಿದುಕೊಂಡು ಸೊಸೆಯ ಮುಂದೆ ಬಂದು ನಿಂತರು. ಮಗುವಿಗೋಸ್ಕರ ತಾನೇ, ಒಂದೇ ಸಲ ತೆಗೆಯೋಣ ಅಂದರು. ಲೋಹಿತಾಳಿಗೂ ಆಸೆಯಾಯಿತು. ಆದರೆ ಒಮ್ಮೆ ತೆಗೆದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು ಅನ್ನುವುದು ಅವಳಿಗೆ ಗೊತ್ತಿತ್ತು. ಸಂತೆಬೀದಿಯ ಚಮ್ಮಾರನ ಹತ್ತಿರ ಶೂ ಹೊಲಿಸಿದಳು. ಅವನು ಎಷ್ಟು ಗಟ್ಟಿಯಾಗಿ ಹೊಲಿದನೆಂದರೆ ಆ ಶೂ ಆ ವರ್ಷ ಪೂರ್ತಿ ಬಂತು. ಅಷ್ಟರಲ್ಲಿ ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಎಲ್ಲರಿಗೂ ಹೊಸ ರವಿಕೆ ಬೇಕು. ಲೋಹಿತಾ ಮೂರು ದಿನ ಕಾರ್ಖಾನೆಗೆ ರಜೆ ಹಾಕಿ ಕತ್ತರಿ ಹಿಡಿದು ಕೂತಳು.

ಆರು ತಿಂಗಳಾದಾಗ ಟ್ರಂಕಿನ ಕಾರ್ಡು ಹೊರಗೆ ಬಂತು. ಬ್ಯಾಂಕಿಗೆ ಹೋಗಿ ಬಂದು ಲೋಹಿತಾ ಬಾಗಿಲಲ್ಲೇ ನಿಂತು ನಕ್ಕಳು. ಆರು ತಿಂಗಳ ಸಂಬಳ ಇದ್ದ ಹಾಗೇ ಇತ್ತು. ಹುರುಳಿ ತಿಂದುಕೊಂಡಾದರೂ ಮನೆ ನಡೆದಿತ್ತು. ವರ್ಷದಲ್ಲಿ ಯಾವ ತಿಂಗಳು ಕೈ ಕಟ್ಟುತ್ತದೆ, ಯಾವ ತಿಂಗಳು ಕೈ ಬಿಚ್ಚುತ್ತದೆ ಅನ್ನುವುದೂ ತಿಳಿದಿತ್ತು.

ಆದರೂ ಅವಳು ಮರುದಿನವೇ ರಾಜೀನಾಮೆ ಕೊಡಲಿಲ್ಲ. ದಸರೆಗೆ ಚೀಟಿ ಮುಗಿಯುವವರೆಗೆ ಕಾದಳು. ಕೆಲಸ ಬಿಟ್ಟ ಕೆಲವು ತಿಂಗಳಿಗೆ ಇಎಸ್‌ಐ ಆಸ್ಪತ್ರೆಯ ಸವಲತ್ತು ನಿಂತುಹೋಗುತ್ತದೆ ಅಂತ ಕೇಳಿ ತಿಳಿದುಕೊಂಡು, ಮನೆಯವರೆಲ್ಲರಿಗೂ ಸೇರಿ ಒಂದು ಆರೋಗ್ಯ ವಿಮೆ ಮಾಡಿಸಿದಳು. ನಾಗಭೂಷಣ್ ಪಿಎಫ್ ಹಣ ಪೂರ್ತಿ ತೆಗೆದು ಒಂದು ಸೈಟಿಗೆ ಅಡ್ವಾನ್ಸ್ ಕೊಡಿ ಅಂದ. ಅದು ನನ್ನ ಮುಪ್ಪಿನ ದುಡ್ಡು, ಈಗ ನನಗಿನ್ನೂ ಮೂವತ್ತಾರು ಅಂತ ಅದನ್ನು ಮುಟ್ಟದೆ ಬಿಟ್ಟಳು. ಕೊನೆಯ ದಿನ ಸ್ಯಾಂಪಲ್ ವಿಭಾಗದವರು ದುಡ್ಡು ಹಾಕಿ ಒಂದು ಒಳ್ಳೆಯ ಕತ್ತರಿ ತಂದುಕೊಟ್ಟರು. ವ್ಯಾನಿನಿಂದ ಇಳಿಯುವಾಗ ಅವಳು ಸ್ವಲ್ಪ ಅತ್ತಳು. ಮನೆಗೆ ಬಂದು ಮುಖ ತೊಳೆದುಕೊಂಡು, ಬಾಕಿಯಿದ್ದ ಎರಡು ಆರ್ಡರು ಮುಗಿಸಿದಳು.

ಕೆಲಸ ಬಿಟ್ಟ ಮೊದಲ ತಿಂಗಳು ಕಾರ್ತಿಕ. ಕಾರ್ಖಾನೆಯ ಸಂಬಳದ ಒಂದೂವರೆ ಪಟ್ಟು ಬಂತು. ಪ್ರಭುದೇವ್‌ಗೆ ಒಂದು ಹಳೇ ಓಮ್ನಿ ಕಣ್ಣಿಗೆ ಬಿತ್ತು. ಕೊರಟಗೆರೆಯಲ್ಲಿ ಅಗ್ಗಕ್ಕೆ ಸಿಗುತ್ತೆ, ಪಾರ್ಸಲ್ ಸಾಗಿಸೋಕೂ ಆಗುತ್ತೆ ಅಂದ. ಒಂದು ಕೈಚೀಲದಲ್ಲಿ ಹಿಡಿಸುವ ಕಾಗದಕ್ಕೆ ಓಮ್ನಿ ಬೇಕೇ ಅನ್ನುವ ಪ್ರಶ್ನೆಯನ್ನು ಈ ಸಲ ಇಂದ್ರಮ್ಮನೇ ಕೇಳಿದರು. ಲೋಹಿತಾ ಬೇರೆಯೇ ಒಂದು ಏರ್ಪಾಡು ಮಾಡಿದಳು. ಆರ್ಡರಿನ ದುಡ್ಡೆಲ್ಲ ಒಂದು ಖಾತೆಗೆ. ಅದರಲ್ಲೇ ಹಾಳೆ, ಅಂಚೆ ಖರ್ಚು, ವಿಮೆಯ ಕಂತು, ವರ್ಷದ ಕೊನೆಗೆ ಆಡಿಟರು ಹೇಳುವ ತೆರಿಗೆ. ಏಳನೇ ತಾರೀಕಿಗೆ ಅಲ್ಲಿಂದ ಮನೆಯ ಖಾತೆಗೆ ಒಂದು ಸಂಬಳ. ಎಷ್ಟೇ ಬರಲಿ, ಸಂಬಳ ಅಷ್ಟೆ, ಕಾರ್ಖಾನೆಯಲ್ಲಿ ಬರುತ್ತಿದ್ದದ್ದಕ್ಕಿಂತ ಕೊಂಚ ಕಡಿಮೆಯೇ. ಉಳಿದದ್ದು ಅಲ್ಲೇ ಆಷಾಢಕ್ಕಾಗಿ ಕೂತಿರಬೇಕು.

ಏಳನೇ ತಾರೀಕು ಅವಳು ಮನೆಖರ್ಚಿನ ದುಡ್ಡನ್ನು ಎಂದಿನಂತೆ ತಂದು ಅತ್ತೆಯ ಕೈಯಲ್ಲಿಟ್ಟಳು. ಇಂದ್ರಮ್ಮ ನೋಟು ನೋಡಿದರು, ಸೊಸೆಯನ್ನು ನೋಡಿದರು.

"ಇದ್ಯಾರ್ ಕೊಟ್ಟಿದ್ದು ಸಂಬ್ಳ?"

"ನಾನೇ ಅತ್ತೆ."

"ಯಾರ್ಗೆ?"

"ನಂಗೇ."

ಇಂದ್ರಮ್ಮ ನೋಟನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. "ಸರಿ ಕಣಮ್ಮ. ಬೈಯ್ಯೋದೂ ನೀನೇನಾ, ಅದಕ್ ಬೇರೆಯೋರು ಬೇಕಾ?" ಅಂದರು. ಬೇಕಿದ್ದರೆ ನೀವೇ ಇದ್ದೀರಲ್ಲ ಅತ್ತೆ ಅಂದಳು ಲೋಹಿತಾ. ಅಂದಿನಿಂದ ಅವರು ಆ ಕೆಲಸವನ್ನು ಮನಸ್ಸಿಟ್ಟು ಮಾಡಿದರು. ಬೆಳಿಗ್ಗೆ ಒಂಬತ್ತಾದರೂ ಸೊಸೆ ಹಾಳೆ ಹರಡದಿದ್ದರೆ, ಇವತ್ತು ಕಂಪ್ನಿ ರಜವಾ ಅಂತ ಕೇಳುತ್ತಿದ್ದರು.

ಹೀಗೆ ಒಂದು ವರ್ಷದ ಮೇಲಾಯಿತು. ಮರುವರ್ಷದ ಮಾಘ ಮಾಸದಲ್ಲಿ, ಮದುವೆಗಳ ಭರದಲ್ಲಿ, ಪೆಟ್ಟು ಬಿತ್ತು. ಪಾರ್ಸಲ್ ವಿಳಾಸ ಸರಿಯಿಲ್ಲ, ಇಲ್ಲಿ ಒತ್ತಿ ಅಂತ ಲೋಹಿತಾಳ ಫೋನಿಗೆ ಒಂದು ಲಿಂಕ್ ಬಂತು. ದಿನಕ್ಕೆ ಹತ್ತಾರು ಪಾರ್ಸಲ್ ಕಳಿಸುವವಳು, ಯೋಚಿಸದೆ ಒತ್ತಿದಳು. ಅದು ಕೇಳಿದ್ದನ್ನೆಲ್ಲ ತುಂಬಿಸಿದಳು. ಬೆಳಗಾಗುವಷ್ಟರಲ್ಲಿ ವಿಡಿಯೊ ಹಾಕುತ್ತಿದ್ದ ಪುಟ ಅವಳದಾಗಿರಲಿಲ್ಲ. ಅವಳ ಕೈ, ಅವಳ ಕತ್ತರಿ, ನಾಲ್ಕು ವರ್ಷದ ಮಾತು ಎಲ್ಲ ಮಾಯವಾಗಿ ಆ ಜಾಗದಲ್ಲಿ ಯಾವುದೋ ಜೂಜಿನ ಜಾಹೀರಾತು ಕುಣಿಯುತ್ತಿತ್ತು. ಬ್ಯಾಂಕಿಗೆ ಬೇರೆಯೇ ನಂಬರು ಕೊಟ್ಟಿದ್ದರಿಂದ ದುಡ್ಡು ಹೋಗಲಿಲ್ಲ. ಆದರೆ ಹೊಸ ಆರ್ಡರು ಬರುತ್ತಿದ್ದ ದಾರಿ ಮುಚ್ಚಿಹೋಯಿತು. ದೂರು ಕೊಟ್ಟಳು, ಮೇಲ್ ಬರೆದಳು. ಕಾಯಿರಿ ಅನ್ನುವ ಉತ್ತರ ಬಂತು.

ಆ ದಿನ ಅವಳು ಹಾಳೆ ಹರಡಿಕೊಂಡು ಸುಮ್ಮನೆ ಕೂತಿದ್ದಳು. ಅತ್ತೆ ಕೇಳಿದ್ದಕ್ಕೆ ತಲೆನೋವು ಅಂದಳು. ನಿಜ ಹೇಳಿದ್ದು ಪ್ರಭುದೇವ್‌ಗೆ ಮಾತ್ರ. ಅವನು, ನಾಳೆ ನನ್ನ ಬಸ್ಸಿಗೆ ಬಾ ಅಂದ. ಎಲ್ಲಿಗೆ ಅಂತ ಕೇಳಿದಳು. ಪಾವಗಡಕ್ಕೆ, ಮೊದಲು ಹಾಳೆ ಕೊಂಡವರು ಅಲ್ಲೇ ಅಲ್ವಾ ಇರೋದು ಅಂದ.

ಅವಳು ಹೋದಳು. ಅನುಷಾ ಅಷ್ಟರಲ್ಲಿ ಎರಡು ಮೆಷಿನ್ನಿನ ಅಂಗಡಿಯವಳಾಗಿದ್ದಳು. ಅವಳು ತನ್ನ ಅಂಗಡಿಗೆ ಬೀಗ ಹಾಕಿ ಲೋಹಿತಾಳನ್ನು ಪಾವಗಡದ ಟೈಲರುಗಳ ಹತ್ತಿರಕ್ಕೆಲ್ಲ ಕರೆದುಕೊಂಡು ಹೋದಳು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಅವಳೇ ಮಾತಾಡಿದಳು. "ಈ ಅಕ್ಕನ ಕಟಿಂಗ್ ಒಕ್ಕಸಾರಿ ಚೂಡಂಡಿ, ಒಂದೇ ಸಲ ನೋಡಿ, ಆಮೇಲೆ ಹೇಳಿ" ಅನ್ನುವುದು ಅವಳ ಪಲ್ಲವಿ. ಲೋಹಿತಾ ಒಂದೊಂದು ಅಂಗಡಿಯಲ್ಲೂ ಅವರದ್ದೇ ಬಟ್ಟೆ ತೆಗೆದುಕೊಂಡು, ಅಲ್ಲೇ ನಿಂತು ಕತ್ತರಿಸಿ ತೋರಿಸಿದಳು. ಸಂಜೆಯ ಬಸ್ಸು ಹತ್ತುವಾಗ ಕತ್ತರಿ ಹಿಡಿದ ಬೆರಳು ನೋಯುತ್ತಿತ್ತು, ಮನಸ್ಸು ಹಗುರವಾಗಿತ್ತು.

ಆಮೇಲೆ ಶಿರಾಕ್ಕೆ ಹೋದಳು, ಕೊರಟಗೆರೆಗೆ ಹೋದಳು, ತೋವಿನಕೆರೆ ಸಂತೆಯ ದಿನ ಅಲ್ಲಿಗೂ ಹೋದಳು. ಶಿರಾದ ವಯಸ್ಸಾದ ಟೈಲರೊಬ್ಬರು ಕನ್ನಡಕ ಏರಿಸಿಕೊಂಡು ಅವಳ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮಾಲು ಪಸಂದಾಗಿದೆ ಬೇಟಿ, ಆದರೆ ಒಂದೇ ಹಾಳೆ ತಗೊಂಡು ನಾನೇನು ಮಾಡಲಿ, ತಿಂಗಳಿಗೊಂದು ಹೊಸ ನಮೂನೆ ಬೇಕು, ಹೆಣ್ಣುಮಕ್ಕಳು ಫೋನಿನಲ್ಲಿ ದಿನಕ್ಕೊಂದು ಕತ್ತು ನೋಡಿಕೊಂಡು ಬಂದು ನಮ್ಮ ತಲೆ ತಿನ್ನುತ್ತಾರೆ ಅಂದರು. ಆ ಮಾತು ಲೋಹಿತಾಳ ಕಣ್ಣು ತೆರೆಸಿತು. ಬಸ್ಸಿನಲ್ಲಿ ವಾಪಸ್ ಬರುವಾಗಲೇ ತೀರ್ಮಾನಿಸಿದಳು: ಟೈಲರುಗಳಿಗೆ ತಿಂಗಳ ಚಂದಾ. ತಿಂಗಳ ಮೊದಲಿಗೆ ಅವರು ಒಂದಿಷ್ಟು ಕೊಡಬೇಕು, ಅವಳು ಹೊಸ ನಮೂನೆಗಳ ಕಟಿಂಗನ್ನು ಎಲ್ಲ ಅಳತೆಗಳಲ್ಲೂ ಕಳಿಸಬೇಕು, ಅನುಮಾನ ಬಂದರೆ ಫೋನಿನಲ್ಲೇ ತೋರಿಸಬೇಕು. ಚಂದಾದಾರರ ಗುಂಪಿನಲ್ಲಿ ಮೊದಲ ಹೆಸರು ಅನುಷಾಳದು, ಎರಡನೆಯದು ಶಿರಾದ ಆ ಹಿರಿಯರದು.

ಇಷ್ಟೆಲ್ಲ ಆಗುವಾಗ ಎರಡು ಸಲ ಏಳನೇ ತಾರೀಕು ಬಂದು ಹೋಗಿತ್ತು. ಎರಡು ಸಲವೂ ಮನೆಗೆ ಸಂಬಳ ಬಂದಿತ್ತು, ಕೂಡಿಟ್ಟದ್ದರಿಂದ. ಮೂರನೆಯದು ಹತ್ತಿರ ಬಂದಾಗ ಕಾರ್ಖಾನೆಯಿಂದ ಫೋನು. ಸ್ಯಾಂಪಲ್ ವಿಭಾಗಕ್ಕೆ ಇನ್‌ಚಾರ್ಜ್ ಬೇಕು, ಹಿಂದಿನ ಸಂಬಳಕ್ಕಿಂತ ಚೆನ್ನಾಗಿಯೇ ಹೆಚ್ಚು ಕೊಡುತ್ತೇವೆ, ಬರುತ್ತೀರಾ ಅಂತ. ಒಂದು ದಿನ ಸಮಯ ಕೊಡಿ ಅಂದಳು.

ಅಂದು ಮಧ್ಯಾಹ್ನ ಅವಳು ಅತ್ತೆಗೆ ಎಲ್ಲವನ್ನೂ ಹೇಳಿದಳು. ಪುಟ ಹೋದದ್ದು, ಆರ್ಡರು ನಿಂತದ್ದು, ಎರಡು ತಿಂಗಳ ಸಂಬಳ ಎಲ್ಲಿಂದ ಬಂತು ಅನ್ನುವುದು, ಈಗ ಬಂದ ಫೋನು. ಬೈಗುಳ ಬರುತ್ತದೆ ಅಂತ ತಲೆ ತಗ್ಗಿಸಿ ಕೂತಿದ್ದಳು. ಪ್ರಭುದೇವ್ ಬಾಗಿಲ ಬಳಿ ಒಂದು ಕಾಲು ಹೊರಗಿಟ್ಟುಕೊಂಡೇ ನಿಂತಿದ್ದ.

ಇಂದ್ರಮ್ಮ ಕೇಳಿದ್ದು ಒಂದೇ. "ಕಾರ್ಖಾನೇಲಿ ಎಲ್ಡ್ ತಿಂಗ್ಳು ಕೆಲ್ಸ ಇಲ್ದಿದ್ರೆ ಸಂಬ್ಳ ಕೊಡ್ತಿದ್ರಾ?"

"ಇಲ್ಲ ಅತ್ತೆ. ಕೊರೋನಾದಲ್ಲಿ ಕೊಡ್ಲಿಲ್ವಲ್ಲ."

"ನಿನ್ ಕಂಪ್ನಿ ಕೊಡ್ತು. ನಂಗೆ ಗೊತ್ತಾಗ್ದಂಗೆ ಕೊಡ್ತು. ಅಂಥದ್ನ ಬುಟ್ಟು ಅಲ್ಲಿಗ್ಯಾಕ್ ಹೋಯ್ತೀಯ?"

ಲೋಹಿತಾ ತಲೆ ಎತ್ತಿದಳು. ಇಂದ್ರಮ್ಮ ಆಗಲೇ ಎದ್ದು ಒಲೆಯ ಕಡೆ ಹೊರಟಿದ್ದರು. ಪ್ರಭುದೇವ್ ಹೊರಗಿದ್ದ ಕಾಲನ್ನು ಒಳಗಿಟ್ಟ. ಮರುದಿನ ಅವಳು ಕಾರ್ಖಾನೆಗೆ ಫೋನು ಮಾಡಿ, ಪೂರ್ತಿ ಬರುವುದಕ್ಕಾಗುವುದಿಲ್ಲ, ಹೊಸಬರಿಗೆ ಕಲಿಸಿಕೊಡಬೇಕಿದ್ದರೆ ಬಂದು ಕಲಿಸುತ್ತೇನೆ ಅಂದಳು. ಅವರು ನೋಡೋಣ ಅಂದರು. ಇನ್ನೂ ನೋಡುತ್ತಲೇ ಇದ್ದಾರೆ.

ಚಂದಾದಾರರು ಒಬ್ಬರಿಂದೊಬ್ಬರಿಗೆ ಹೇಳಿ ಹೆಚ್ಚಾದರು. ಹುಲಿಕುಂಟೆಯಿಂದ, ಗೌಡಗೆರೆಯಿಂದ, ಆಂಧ್ರದ ಗಡಿಯಾಚೆಯ ಮಡಕಶಿರಾದಿಂದಲೂ ಬಂದರು. ಬೇಸಿಗೆಯ ಕೊನೆಗೆ ಕಳೆದುಹೋದ ಪುಟವೂ ವಾಪಸ್ ಸಿಕ್ಕಿತು. ಆದರೆ ಲೋಹಿತಾ ಮತ್ತೆ ಅದೊಂದನ್ನೇ ನೆಚ್ಚಿಕೊಂಡು ಕೂರಲಿಲ್ಲ. ಎರಡು ತಿಂಗಳಲ್ಲಿ ಕೂಡಿಟ್ಟದ್ದರಿಂದ ಖರ್ಚಾದದ್ದನ್ನು ಮೊದಲು ತುಂಬಿಸಿದಳು. ಅದು ತುಂಬುವವರೆಗೆ ಸಂಬಳ ಹೆಚ್ಚಿಸಿಕೊಳ್ಳಲಿಲ್ಲ. ಆಮೇಲೆ ಹೆಚ್ಚಿಸಿಕೊಂಡಳು, ಅದೂ ಸ್ವಲ್ಪವೇ. ನಾಗಭೂಷಣ್ ಈಗಲೂ ಬಂದಾಗಲೆಲ್ಲ ಗಾಜಿನ ಬಾಗಿಲಿನ ಮಾತಾಡುತ್ತಾನೆ. ಅವಳು ಅವನಿಗೆ ಕಾಫಿ ಕೊಟ್ಟು ಕಳಿಸುತ್ತಾಳೆ.

ಈ ವರ್ಷದ ಆಷಾಢದಲ್ಲಿ ಬಿಡುವಾಗಿ ಕೂತಿದ್ದಾಗ, ಇಂದ್ರಮ್ಮ ರವಿಕೆ ತೊಡಲು ಒದ್ದಾಡುವುದು ಲೋಹಿತಾಳ ಕಣ್ಣಿಗೆ ಬಿತ್ತು. ಭುಜದ ನೋವಿನಿಂದ ಅವರಿಗೆ ಬಲಗೈ ಹಿಂದಕ್ಕೆ ಹೋಗುವುದಿಲ್ಲ. ಸಡಿಲವಾಗಿ ಹೊಲಿಸಿದರೆ ಮೈಮೇಲೆ ನಿಲ್ಲುವುದಿಲ್ಲ. ಲೋಹಿತಾ ಅವರನ್ನು ನಿಲ್ಲಿಸಿ ಮತ್ತೆ ಮತ್ತೆ ಅಳತೆ ತೆಗೆದು, ಕಂಕುಳ ಹತ್ತಿರ ಬಟ್ಟೆ ಬಿಟ್ಟು, ತೋಳಿನ ಆಕಾರ ಬದಲಿಸಿ, ಕೈ ಎತ್ತದೆಯೇ ತೊಡಬಹುದಾದ ಒಂದು ರವಿಕೆ ಮಾಡಿದಳು. ಇಂದ್ರಮ್ಮ ಅದನ್ನು ತೊಟ್ಟುಕೊಂಡು ಬೀದಿಯ ಎರಡೂ ಕೊನೆಗೆ ಹೋಗಿ ಬಂದರು. ವಿಡಿಯೊ ಮಾಡುವಾಗ ಮುಖ ಬರಬಾರದು ಅನ್ನುವ ಷರತ್ತು ಅವರಿಗಿರಲಿಲ್ಲ. ಕ್ಯಾಮೆರಾದ ಮುಂದೆ ಕುರ್ಚಿ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ನೋಡಿ ಇಂಗೆ ಈ ಕೈ ಹಾಕ್ಬೇಕು, ಆಮೇಲೆ ಅಂಗೆ ಆ ಕೈ ಅಂತ ಅವರೇ ತೋರಿಸಿಕೊಟ್ಟರು.

ವಯಸ್ಸಾದ ತಾಯಂದಿರಿದ್ದ ಹೆಣ್ಣುಮಕ್ಕಳೆಲ್ಲ ಆ ಕಟಿಂಗ್ ಕೇಳಿದರು. ಅದಕ್ಕೆ ಇಂದ್ರಮ್ಮ ಸೈಜು ಅಂತಲೇ ಹೆಸರಾಗಿದೆ. ಮಾಲಿಗೆ ತಮ್ಮ ಹೆಸರಿದ್ದ ಮೇಲೆ ತಮಗೂ ಒಂದು ಸಂಬಳ ಬೇಕು ಅಂತ ಅವರು ಸೊಸೆಯ ಮುಂದೆ ಅರ್ಜಿ ಹಾಕಿದರು. ಲೋಹಿತಾ ಒಪ್ಪಿದ್ದಾಳೆ, ಆದರೆ ಕೆಲಸ ಮಾಡಬೇಕು ಅಂದಿದ್ದಾಳೆ. ಹಾಗಾಗಿ ಈಗ ಮಧ್ಯಾಹ್ನದ ಹೊತ್ತು ಗಿರಾಕಿಗಳ ಫೋನು ತೆಗೆಯುವವರು ಅವರೇ. ಮೊನ್ನೆ ಪಾವಗಡದಿಂದ ಅವರ ವಯಸ್ಸಿನವರೇ ಒಬ್ಬರು ಫೋನು ಮಾಡಿದ್ದರು. ಇಂದ್ರಮ್ಮ ಅವರ ಮಂಡಿನೋವು, ಮೊಮ್ಮಕ್ಕಳು, ಸೊಸೆಯ ಊರು, ಮನೆಯಲ್ಲಿ ಮಾಡಿದ್ದ ಸಾರು ಎಲ್ಲ ವಿಚಾರಿಸಿ, ನಗುತ್ತಾ ಫೋನಿಟ್ಟರು. ಅಳತೆ ಎಷ್ಟಂತೆ ಅಂತ ಲೋಹಿತಾ ಪೆನ್ಸಿಲ್ ಹಿಡಿದು ಕೇಳಿದಳು. ಅಯ್ಯೋ, ಅದೊಂದ್ ಕೇಳ್ಲಿಲ್ಲ ಕಣಮ್ಮ ಅಂತ ಇಂದ್ರಮ್ಮ ಮತ್ತೆ ಫೋನಿಗೆ ಕೈ ಚಾಚಿದರು.